ಅಕ್ಕನ ಟಿವಿ ರಿಪೇರಿ

ಆಯುಧ ಪೂಜೆ ಮುಗಿದ ಮರುದಿನದಿಂದ ಒಂದು ವಾರ ನನ್ನ ಅಂಗಡಿಗೆ ಬರುವ ಟಿವಿಗಳಲ್ಲಿ ಅರ್ಧಕ್ಕರ್ಧ ಕೆಟ್ಟಿರುವುದೇ ಇಲ್ಲ. ಮನೆಯವರು ಟಿವಿಯ ಮುಂಭಾಗಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ದೊಡ್ಡದಾಗಿ ಕುಂಕುಮ ಇಟ್ಟು, ಮೇಲೊಂದು ಚೆಂಡುಹೂ ಸಿಕ್ಕಿಸಿರುತ್ತಾರೆ. ರಿಮೋಟಿನ ಬೆಳಕು ಹೋಗಿ ತಾಗಬೇಕಾದ ಸಣ್ಣ ಕಪ್ಪು ಗಾಜು ಇರುವುದೂ ಸರಿಯಾಗಿ ಅಲ್ಲೇ. ಮರುದಿನ ಚಾನೆಲ್ ಬದಲಾಗುವುದಿಲ್ಲ. ರಿಮೋಟಿಗೆ ಹೊಸ ಸೆಲ್ ಹಾಕುತ್ತಾರೆ, ತೊಡೆಗೆ ಬಡಿಯುತ್ತಾರೆ, ಹೊಸ ರಿಮೋಟನ್ನೇ ತರುತ್ತಾರೆ, ಕೊನೆಗೆ ಟಿವಿಯನ್ನು ಚಾದರದಲ್ಲಿ ಸುತ್ತಿಕೊಂಡು ಟಂಟಂ ಹತ್ತಿ ಗಂಗಾವತಿಗೆ ಬರುತ್ತಾರೆ. ನಾನು ಒದ್ದೆ ಬಟ್ಟೆ ತಗೊಂಡು ಕುಂಕುಮ ಒರೆಸಿ ಕೊಡುತ್ತೇನೆ. "ಇಷ್ಟಕ್ಕ ಬಂದಿದ್ವೇನ್ರಿ" ಎಂದು ನಾಚಿಕೊಂಡು ನಗುತ್ತಾರೆ.

ನಾನೂ ನಗುತ್ತೇನೆ. ಸೆಟ್‌ಟಾಪ್ ಬಾಕ್ಸಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಅದು ಕಾದು ನಿಂತುಹೋದಾಗ ಕಂಪನಿಯವರ ವಂಶವನ್ನೆಲ್ಲ ಬೈಯುವವರನ್ನು ನೋಡಿದ್ದೇನೆ. ರಿಮೋಟಿನ ಪ್ಲಾಸ್ಟಿಕ್ ಹಾಳೆಯನ್ನು ಮೂರು ವರ್ಷವಾದರೂ ತೆಗೆಯದೆ ಅದರ ಮೇಲೆಯೇ ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಂಡವರಿದ್ದಾರೆ. ಒಬ್ಬ ಮಾಸ್ತರರು ತಮ್ಮ ಕಂಪ್ಯೂಟರ್ ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ, ಯಾರೋ ಹ್ಯಾಕ್ ಮಾಡಿದ್ದಾರೆ ಎಂದು ಇರಕಲ್ಲಗಡದಿಂದ ಗಾಬರಿಯಲ್ಲಿ ಬಂದಿದ್ದರು. ಕೀಬೋರ್ಡಿನ ಬಲಗಡೆಯ ಅಂಕಿಗಳ ನಮ್ ಲಾಕ್ ಆಫ್ ಆಗಿತ್ತು, ಒಂದು ಗುಂಡಿ ಒತ್ತಿದೆ, ತೆರೆಯಿತು. ಇನ್ನು ಫೋನು ನಿಧಾನವಾಗಿದೆ ಎಂದು ಬರುವವರ ಫೋನಿನ ತುಂಬ ಶುಭೋದಯದ ಗುಲಾಬಿ ಹೂಗಳೇ. ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಕಸುಬು. ಕೆಟ್ಟದ್ದು ಎಲ್ಲಿದೆ ಎಂದು ಕಂಡುಹಿಡಿಯುವುದರಲ್ಲಿ ಈ ಭಾಗದಲ್ಲಿ ನನ್ನಂಥವನಿಲ್ಲ ಎಂಬ ಸೊಕ್ಕು ನನಗಿತ್ತು.

ಈಗ ನನ್ನ ಅಕ್ಕನ ಕಣ್ಣು ಹೋಗುತ್ತಿದೆ. ಮುಕ್ಕಾಲು ಹೋಗಿಯೇ ಬಿಟ್ಟಿದೆ. ಅದರಲ್ಲಿ ನನ್ನ ಪಾಲಿದೆ, ಅದನ್ನು ಹೇಳದೆ ನನಗೆ ಊಟ ಸೇರುತ್ತಿಲ್ಲ.

ನಾನು ಕೆಲಸ ಕಲಿತದ್ದು ಕುಷ್ಟಗಿಯಲ್ಲಿ. ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ ಉಸ್ತಾದರ ಕೈಕೆಳಗೆ ಐದು ವರ್ಷ ಇದ್ದೆ. ಅವರದು ಮಾತು ಕಡಿಮೆ, ಸಿಟ್ಟು ಜಾಸ್ತಿ, ಬಾಯಲ್ಲಿ ಸದಾ ಎಲೆಯಡಿಕೆ. ಅವರು ಕಲಿಸಿದ್ದು ಎರಡೇ. "ಮಂದಿ ಏನ್ ಕೆಟ್ಟೈತಿ ಅಂತಾರಲಾ, ಅದನ್ನ ನಂಬಬ್ಯಾಡ. ಒಂದೊಂದ ಬದಲಿ ಮಾಡಿ ನೋಡು. ಬಾಕ್ಸ್ ಬದಲಿ ಮಾಡು, ವೈರ್ ಬದಲಿ ಮಾಡು, ಬೋರ್ಡ್ ಬದಲಿ ಮಾಡು. ಯಾವುದು ಬದಲಿ ಮಾಡಿದಾಗ ಸರಿ ಆಗ್ತೈತಿ, ಅದ ಕೆಟ್ಟಿರ್ತೈತಿ." ಇದು ಒಂದು. ಎರಡನೆಯದು ಸಾಮಾನು ತರುವ ರೀತಿ. ಸುಟ್ಟ ಬಿಡಿಭಾಗದ ಮೇಲಿನ ಅಕ್ಷರ ಓದುತ್ತ ಕೂರುವ ಬದಲು ಅದನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ ಅಂಗಡಿಯ ಮೇಜಿನ ಮೇಲಿಡಬೇಕು, "ಇಂಥಾದ್ದ ಕೊಡ್ರಿ" ಅನ್ನಬೇಕು. ಹಳೆಯದನ್ನು ತೋರಿಸಿ ಹೊಸದನ್ನು ತಂದರೆ ಮೋಸವಿಲ್ಲ. ಈ ಎರಡರಿಂದಲೇ ನಾನು ಹೊಟ್ಟೆ ಹೊರೆದಿದ್ದೇನೆ.

ಅವ್ವ ತೀರಿದಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ನಮ್ಮದು ಯಲಬುರ್ಗಾ ಕಡೆಯ ಹಳ್ಳಿ. ಅಪ್ಪ ಗಾರೆ ಕೆಲಸಕ್ಕೆಂದು ಊರೂರು ತಿರುಗುತ್ತಿದ್ದ. ಅಕ್ಕ ಆ ವಾರವೇ ಸಾಲೆ ಬಿಟ್ಟಳು. ನನ್ನ ತಲೆ ಬಾಚಿದ್ದು, ಹೇನು ಹೆಕ್ಕಿದ್ದು, ಸಾಲೆಗೆ ನೂಕಿದ್ದು, ಓಡಿಬಂದರೆ ದರದರ ಎಳೆದೊಯ್ದು ಮತ್ತೆ ಕೂರಿಸಿದ್ದು ಎಲ್ಲ ಅವಳೇ. ಆರು ವರ್ಷದ ಮೇಲೆ ಸಿದ್ದಾಪುರಕ್ಕೆ ಮದುವೆಯಾಗಿ ಹೋಗುವಾಗ ಒಂದು ಟ್ರಂಕನ್ನೂ ನನ್ನನ್ನೂ ಜೊತೆಗೆ ತಗೊಂಡು ಹೋದಳು. ಅವಳ ಗಂಡ, ನಾನು ಮಾಮಾ ಎಂದು ಕರೆಯುವವರು, ಕಾಲುವೆಯ ಗೇಟು ಎತ್ತಿಳಿಸುವ ಸರಕಾರಿ ಕೆಲಸದಲ್ಲಿದ್ದವರು. ಈ ಹುಡುಗನನ್ನು ಯಾಕೆ ಕಟ್ಟಿಕೊಂಡು ಬಂದಿ ಎಂದು ಒಂದು ದಿನವೂ ಕೇಳಲಿಲ್ಲ. ಕುಷ್ಟಗಿಯ ಉಸ್ತಾದರ ಹತ್ತಿರ ನನ್ನನ್ನು ಬಿಟ್ಟುಬಂದವರೂ ಅವರೇ.

ಗಂಗಾವತಿಯಲ್ಲಿ ನಾನು ಅಂಗಡಿ ಹಾಕಿದಾಗ ಅಕ್ಕನಷ್ಟು ಖುಷಿಪಟ್ಟವರು ಬೇರೆ ಯಾರೂ ಇಲ್ಲ. ಅವಳು ಅಕ್ಕಿ ಗಿರಣಿಗೆ ಕೂಲಿಗೆ ಹೋಗುತ್ತಿದ್ದಳು. ಅಲ್ಲಿ ಯಾರ ಮನೆಯ ಮಿಕ್ಸರ್ ಕೆಟ್ಟರೂ, ಯಾರ ಫೋನಿನ ಗಾಜು ಒಡೆದರೂ ನನ್ನ ಅಂಗಡಿಯ ದಾರಿ ತೋರಿಸುತ್ತಿದ್ದಳು. "ನನ್ನ ತಮ್ಮ ಕೈ ಮುಟ್ಟಿದ್ರ ಸಾಕು, ಸತ್ತ ಟಿವಿ ಎದ್ದ ಕುಂದರ್ತೈತಿ" ಎಂದು ಹೇಳುತ್ತಿದ್ದಳಂತೆ. ಬಂದವರು ಅದನ್ನು ನನಗೆ ಹೇಳಿ ಛೇಡಿಸುತ್ತಿದ್ದರು. ನಾನು ಮುಜುಗರಪಟ್ಟಂತೆ ಮಾಡುತ್ತಿದ್ದೆ, ಒಳಗೊಳಗೆ ಉಬ್ಬುತ್ತಿದ್ದೆ.

ಗಿರಣಿಯ ಕೆಲಸ ಅಂದರೆ ಧೂಳಿನ ಕೆಲಸ. ಭತ್ತದ ಹೊಟ್ಟು, ತೌಡು, ಬಾಯ್ಲರಿನ ಕರಿಬೂದಿ ಎಲ್ಲ ಸೇರಿ ಸಂಜೆಗೆ ರೆಪ್ಪೆಯ ಕೂದಲು ಬೆಳ್ಳಗಾಗಿರುತ್ತಿತ್ತು. ಐದು ವರ್ಷದ ಹಿಂದೆ ಸುಗ್ಗಿಯಲ್ಲಿ ಅಕ್ಕನ ಕಣ್ಣು ಕೆಂಡದಂತೆ ಕೆಂಪಾಗಿ, ತುರಿಸಿ, ನೀರು ಸುರಿಯತೊಡಗಿತು. ನಾನೇ ಗಂಗಾವತಿಯ ಒಬ್ಬ ಡಾಕ್ಟರರಿಗೆ ತೋರಿಸಿದೆ. ಒಂದು ಸಣ್ಣ ಬಾಟಲಿ ಡ್ರಾಪ್ಸ್ ಬರೆದುಕೊಟ್ಟರು. ಎರಡೇ ದಿನದಲ್ಲಿ ಕಣ್ಣು ತಿಳಿಯಾಯಿತು. ಬಾಟಲಿ ಮುಗಿದು ಮತ್ತೆ ಗಿರಣಿಗೆ ಹೋದಾಗ ಮತ್ತೆ ಕೆಂಪಾಯಿತು. ಅಕ್ಕ ಖಾಲಿ ಬಾಟಲಿಯನ್ನು ನನ್ನ ಕೈಗಿಟ್ಟಳು.

"ತಮ್ಮಾ, ಇದು ಭಾಳ ಛಲೋ ಐತಿ. ಇಂಥಾದ್ದ ಇನ್ನೊಂದ ತಂದುಕೊಡು."

ಮೆಡಿಕಲ್ ಅಂಗಡಿಯವರು ನನ್ನ ಪರಿಚಯದವರೇ, ಅವರ ಅಂಗಡಿಯ ಕ್ಯಾಮೆರಾ ಕೂರಿಸಿದ್ದು ನಾನು. ಖಾಲಿ ಬಾಟಲಿಯನ್ನು ಮೇಜಿನ ಮೇಲಿಟ್ಟೆ. "ಇಂಥಾದ್ದ ಕೊಡ್ರಿ" ಎಂದೆ. ಅವರು ತಿರುಗಿಸಿ ನೋಡಿ, ಅಂಥದ್ದೇ ಕೊಟ್ಟರು. ಅಂದಿನಿಂದ ನಾಲ್ಕು ವರ್ಷ ತಿಂಗಳಿಗೊಂದು ಬಾಟಲಿಯಂತೆ ಒಯ್ದುಕೊಟ್ಟೆ. ಒಂದು ತಿಂಗಳೂ ತಪ್ಪಿಸಲಿಲ್ಲ. ನನ್ನ ಬೇರೆ ಯಾವ ಕೆಲಸದಲ್ಲೂ ಇಷ್ಟು ಶಿಸ್ತಿಲ್ಲ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಟಿವಿಯ ಮೊದಲ ದೂರು ಬಂದದ್ದು ಡ್ರಾಪ್ಸ್ ಶುರುವಾಗಿ ಎರಡು ವರ್ಷದ ಮೇಲೆ. ಅಕ್ಕ ಫೋನು ಮಾಡಿದಳು. "ಟಿವಿಯೊಳಗ ಕೆಳಗ ಸುದ್ದಿ ಓಡ್ತೈತಲಾ ಪಟ್ಟಿ, ಅದು ಕಾಣವಲ್ದು ನೋಡು." ಭಾನುವಾರ ಬೈಕು ಹತ್ತಿ ಹೋದೆ. ನಿಜವಾಗಿಯೂ ಸೆಟ್ಟಿಂಗ್ ತಪ್ಪಿತ್ತು. ಯಾರೋ ರಿಮೋಟು ಒತ್ತಿ ಚಿತ್ರವನ್ನು ಹಿಗ್ಗಿಸಿಬಿಟ್ಟಿದ್ದರು, ನಾಲ್ಕೂ ಕಡೆ ಅಂಚು ಪರದೆಯ ಆಚೆ ಹೋಗಿತ್ತು. ಸರಿಮಾಡಿದೆ. ಅಕ್ಕ ಬಿಸಿ ರೊಟ್ಟಿ ಮಾಡಿ, ಪುಂಡಿಪಲ್ಯ ಬಡಿಸಿದಳು. ಅಂದು ನಿಜವಾದ ದೋಷ ಸಿಕ್ಕದ್ದೇ ನಮ್ಮ ದುರ್ದೈವ. ಅಕ್ಕನಿಗೆ ಕಾಣದಿದ್ದರೆ ತಪ್ಪು ಟಿವಿಯಲ್ಲಿರುತ್ತದೆ ಎಂದು ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿತು.

ಮತ್ತೊಮ್ಮೆ ಟಿವಿ ಮಂಕಾಗಿದೆ ಎಂದಳು. ಎಲ್‌ಇಡಿ ಟಿವಿಗಳಲ್ಲಿ ಪರದೆಯ ಹಿಂದೆ ಬೆಳಕಿನ ಪಟ್ಟಿಗಳಿರುತ್ತವೆ, ವರ್ಷ ಕಳೆದಂತೆ ಮಂಕಾಗುತ್ತವೆ. ಟಿವಿಯನ್ನು ಅಂಗಡಿಗೆ ತಂದು ಪಟ್ಟಿ ಬದಲಿಸಿ, ಒಯ್ದು ಗೋಡೆಗೆ ಹಾಕಿದೆ. ಮಾಮಾ ಕಣ್ಣು ಕಿರಿದು ಮಾಡಿ, "ಏನ್ ಬೆಳಕಪಾ ಇದು, ಕಣ್ಣ ಕುಕ್ತೈತಿ" ಎಂದರು. ಅಕ್ಕ ಮಾತ್ರ "ಇನ್ನೊಂಚೂರು ಏರಿಸು" ಎಂದಳು. ಏರಿಸಿದೆ.

ಆಮೇಲೆ ಫೋನು. ಅಕ್ಷರ ಓದಲು ಆಗುತ್ತಿಲ್ಲ ಎಂದಳು. ನಲವತ್ತು ದಾಟಿದ ಎಲ್ಲರಿಗೂ ನಾನು ಮಾಡಿಕೊಡುವಂತೆ ಅವಳ ಫೋನಿನ ಅಕ್ಷರಗಳನ್ನೂ ದೊಡ್ಡದು ಮಾಡಿಕೊಟ್ಟೆ. ಎರಡು ದಿನಕ್ಕೆ ತಿರುಗಿ ಫೋನು ಮಾಡಿ, "ಮೊದಲಿಗಿಂತ ಸಣ್ಣದ ಮಾಡಿಬಿಡು, ಸಣ್ಣದಿದ್ರ ಛಲೋ ಕಾಣ್ತೈತಿ" ಎಂದಳು. ನಾನು ನಕ್ಕೆ. "ಎಲ್ಲಾರೂ ಒಂದ ಕೇಳಿದ್ರ ನೀ ಒಂದ ಕೇಳ್ತಿ ನೋಡಕ್ಕಾ" ಎಂದೆ. ಅವಳೂ ನಕ್ಕಳು. ನನ್ನ ಅಂಗಡಿಗೆ ಬಂದ ಯಂತ್ರವೊಂದು ಹೀಗೆ ತಿರುಗುಮುರುಗಾಗಿ ವರ್ತಿಸಿದ್ದರೆ ನಾನು ಅದನ್ನು ಬಿಚ್ಚಿ ಹರವಿಕೊಂಡು ಕೂತು ಕಾರಣ ಹುಡುಕದೆ ಏಳುತ್ತಿರಲಿಲ್ಲ.

ಇನ್ನೊಂದು ದಿನದ್ದು ನನ್ನನ್ನು ಹೆಚ್ಚು ತಿನ್ನುತ್ತದೆ. ನಾಟಿಯ ಸಮಯ, ಕೈತುಂಬ ಕೆಲಸ. ಓಲ್ಟೇಜು ಏರಿಳಿದು ಊರಿನ ಅರ್ಧ ಸ್ಟೆಬಿಲೈಸರುಗಳು ನನ್ನ ಅಂಗಡಿಯಲ್ಲಿದ್ದವು. ಅಕ್ಕ ಮೂರು ಸಲ ಫೋನು ಮಾಡಿದ್ದಳು. ಮಧ್ಯಾಹ್ನ ಊಟ ಬಿಟ್ಟು ಹೋದೆ.

"ಇಬ್ಬರು ಮಾತಾಡ್ತಿದ್ರ ಒಬ್ಬರ ಕಾಣ್ತಾರ ತಮ್ಮಾ. ಇನ್ನೊಬ್ಬರು ಕಾಣೂದಿಲ್ಲ. ದನಿ ಬರ್ತೈತಿ, ಮುಖ ಇಲ್ಲ."

ಟಿವಿ ಹಾಕಿದೆ. ಇಬ್ಬರೂ ಚೆನ್ನಾಗಿಯೇ ಕಾಣುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಮಾಮಾ, "ನನಗಂತೂ ಎಲ್ಲಾ ಕಾಣ್ತೈತಪಾ" ಎಂದರು. ಉಸ್ತಾದರು ಹೇಳಿದ ಬದಲಿ ಪರೀಕ್ಷೆ ಅಂದು ನನ್ನ ಕಣ್ಣೆದುರೇ ನಡೆದುಹೋಯಿತು. ಅದೇ ಟಿವಿ, ಅದೇ ಚಿತ್ರ, ನೋಡುವ ಕಣ್ಣು ಬದಲಾದಾಗ ಸರಿಯಾಗಿ ಕಾಣುತ್ತಿತ್ತು. ನಾನು ಮಾಮಾಗೆ, "ನಿಮಗ ಬಿಡ್ರಿ, ಸ್ವಿಚ್ ಹಾಕದಿದ್ರೂ ಕಾಣ್ತೈತಿ" ಎಂದು ತಮಾಷೆ ಮಾಡಿದೆ.

ಹಿಂಬದಿಯ ಮುಚ್ಚಳ ಬಿಚ್ಚಿ ಒಂದು ತಾಸು ತಡಕಾಡಿದೆ. ಏನೂ ಕೆಟ್ಟಿರಲಿಲ್ಲ. ಹೊಟ್ಟೆ ಹಸಿದಿತ್ತು, ಸಿಟ್ಟು ಬಂದಿತ್ತು, ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಏನೂ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಅಕ್ಕನ ಮುಂದೆ ದೋಷ ಸಿಗಲಿಲ್ಲ ಎಂದು ಒಪ್ಪಿಕೊಳ್ಳುವುದು ಹೇಗೆ? ನಮ್ಮ ಕಸುಬಿನವರೆಲ್ಲ ಇಂಥ ಹೊತ್ತಿಗೆ ಒಂದು ಮಾತು ಇಟ್ಟುಕೊಂಡಿರುತ್ತೇವೆ. ಬಿಗಿಯಾಗಿಯೇ ಇದ್ದ ವೈರನ್ನು ಬಿಚ್ಚಿ ಮತ್ತೆ ಒತ್ತಿದೆ, ಮುಚ್ಚಳ ಹಾಕಿದೆ, ಕೈ ಒರೆಸಿಕೊಂಡೆ.

"ಲೂಸ್ ಕಾಂಟ್ಯಾಕ್ಟ್ ಇತ್ತಕ್ಕಾ. ಸರಿ ಮಾಡೀನಿ. ಈಗ ನೋಡು."

ಅಕ್ಕ ಟಿವಿಯ ಕಡೆ ಒಂದು ಗಳಿಗೆ ನೋಡಿದಳು. "ಹೂಂ, ಈಗ ಛಲೋ ಆತು" ಎಂದಳು. ನಾನು ಹೇಳಿದ್ದು ಸುಳ್ಳು. ಅವಳು ಹೇಳಿದ್ದೂ ಸುಳ್ಳೇ ಎಂದು ನನಗೆ ಈಗ ಗೊತ್ತು. ನಾನು ಊಟ ಬಿಟ್ಟು ಬಂದಿದ್ದೇನೆ, ನನಗೆ ಬೇಸರವಾಗಬಾರದು ಎಂದು ಹೇಳಿದಳು. ಅಂದು ಅವಳ ಕೈಯಲ್ಲಿ ಊಟ ಮಾಡಿಕೊಂಡು, ಖಾಲಿ ಬಾಟಲಿ ಇಸಿದುಕೊಂಡು ಅಂಗಡಿಗೆ ಬಂದೆ.

ಹೋದ ವರ್ಷ ಬೇಸಿಗೆಯಲ್ಲಿ ಅಕ್ಕ ಬಟ್ಟೆ ಕೊಳ್ಳಲು ಗಂಗಾವತಿಗೆ ಬಂದವಳು ಅಂಗಡಿಗೆ ಬಂದಳು. ಸ್ಟೂಲು ಕೊಟ್ಟು ಕೂರಿಸಿದೆ, ಚಹಾ ತರಿಸಿದೆ. ಕಪ್ಪನ್ನು ಅವಳ ಬಲಗಡೆಯಿಂದ ಹಿಡಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಮಾತಾಡುತ್ತಿದ್ದಳು, ಕೈ ಚಾಚಲಿಲ್ಲ.

"ಚಾ ತಗೋ ಅಕ್ಕಾ."

"ಎಲ್ಲೈತಿ?"

ಕಪ್ಪು ಅವಳ ಭುಜದಿಂದ ಗೇಣು ದೂರದಲ್ಲಿತ್ತು. ಕಪ್ಪನ್ನು ಕೆಳಗಿಟ್ಟು, ಮೇಜಿನ ಮೇಲಿದ್ದ ಟೆಸ್ಟರ್ ತಗೊಂಡೆ. "ನನ್ನ ಮೂಗ ನೋಡ್ಕೋತ ಇರು, ಅಲುಗಾಡಬ್ಯಾಡ, ಇದು ಕಂಡ ಕೂಡ್ಲೆ ಹೇಳು" ಎಂದು ಟೆಸ್ಟರನ್ನು ಅವಳ ಕಿವಿಯ ಕಡೆಯಿಂದ ನಿಧಾನಕ್ಕೆ ಮುಂದೆ ತಂದೆ. ಕಿವಿ ದಾಟಿತು, ಕೆನ್ನೆ ದಾಟಿತು, ಕಣ್ಣಿನ ತುದಿ ದಾಟಿತು. ಅದು ನನ್ನ ಮೂಗಿನ ಹತ್ತಿರ ಬಂದಾಗ "ಹಾಂ, ಕಂಡ್ತು" ಎಂದಳು. ಎಡಗಡೆಯಿಂದಲೂ ಹಾಗೆಯೇ, ಮೇಲಿನಿಂದಲೂ ಹಾಗೆಯೇ. ಕೆಳಗಿನಿಂದ ತಂದಾಗ ಅಕ್ಕ ನಗತೊಡಗಿದಳು, "ಏನ್ ಆಟ ಹಚ್ಚೀಯೋ" ಎಂದಳು. ಅಂಗಡಿಯ ಬಾಗಿಲು ಎಳೆದೆ.

ಕೊಪ್ಪಳಕ್ಕೆ ಕರೆದೊಯ್ದೆ. ಬಸ್ಸಿನಲ್ಲಿ ಹೋಗುವಾಗ ಹೇಮಗುಡ್ಡ ಬರುತ್ತದೆ. ಅಕ್ಕ ಆ ದಾರಿಯಲ್ಲಿ ಎಷ್ಟೇ ಸಲ ಹೋದರೂ ಗುಡ್ಡ ಕಂಡ ಕೂಡಲೇ ಮಾತು ನಿಲ್ಲಿಸಿ, ಕಿಟಕಿಯ ಕಡೆ ತಿರುಗಿ ಅಲ್ಲಿನ ದುರ್ಗಮ್ಮನಿಗೆ ಕೈ ಮುಗಿಯುವವಳು. ಅಂದು ಗುಡ್ಡ ಕಿಟಕಿಯ ಪಕ್ಕದಲ್ಲೇ ಬಂತು, ದಾಟಿತು. ಅವಳು ಮಾತಾಡುತ್ತಲೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ "ಹೇಮಗುಡ್ಡ ಇನ್ನೂ ಬರಲಿಲ್ಲೇನೋ" ಎಂದಳು. "ಈಗ ಬರ್ತೈತಿ, ಕೈ ಮುಗಿ" ಎಂದೆ. ಬರಿಯ ಬಯಲಿನ ಕಡೆ ತಿರುಗಿ ಅಕ್ಕ ಕೈ ಮುಗಿದಳು.

ಕಣ್ಣಿನ ಆಸ್ಪತ್ರೆಯಲ್ಲಿ ಒಂದು ಯಂತ್ರದ ಮುಂದೆ ಅವಳನ್ನು ಕೂರಿಸಿದರು. ಬೋಗುಣಿಯಂಥ ಬಿಳಿಯ ಗೋಡೆ, ಅದರೊಳಗೆ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಮಿಣುಕುತ್ತದೆ. ಕಂಡಾಗೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಅಕ್ಕ ಗದ್ದ ಊರಿ ಕೂತಳು. ಪರೀಕ್ಷೆ ಮಾಡುವ ಹುಡುಗಿ ತನ್ನ ಕಂಪ್ಯೂಟರ್ ನೋಡುತ್ತಿದ್ದಳು. ನಿಮಿಷಗಳು ಕಳೆದವು, ಗುಂಡಿಯ ಸದ್ದು ಬಹಳ ಅಪರೂಪಕ್ಕೆ ಕೇಳುತ್ತಿತ್ತು. ನನ್ನ ಕಣ್ಣು ಆ ಗುಂಡಿಯ ವೈರಿನ ಮೇಲೆ ಹೋಯಿತು. ವೈರು ಬುಡದಲ್ಲಿ ಸ್ವಲ್ಪ ಬಗ್ಗಿತ್ತು.

"ಈ ಗುಂಡಿ ಕೆಲಸ ಮಾಡ್ತೈತೇನ್ರಿ? ವೈರ್ ಒಂದ್ಸಲ ನೋಡ್ಲೇನು?" ಎಂದು ಕೇಳಿದೆ.

ಆ ಹುಡುಗಿ ನನ್ನ ಕಡೆ ತಿರುಗಿದಳು. ಮರುಕದಿಂದಲೇ ಹೇಳಿದಳು. "ಮಷಿನ್ ಛಲೋ ಐತ್ರಿ ಅಣ್ಣಾರ."

ಕಾಗದ ಹೊರಬಂತು. ಎರಡು ಕಪ್ಪು ವರ್ತುಲಗಳು, ಒಂದೊಂದರ ನಡುವೆ, ಇನ್ನೂ ಕಾಣುವಷ್ಟು ಭಾಗ, ಬೆಳ್ಳನೆಯ ಸಣ್ಣ ಚುಕ್ಕಿ. ಎಡಗಣ್ಣಿನದಂತೂ ಸಾಸಿವೆಯಷ್ಟು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕಣ್ಣಿಗೆ ಏನು ಹಾಕುತ್ತೀರಿ ಎಂದು ಕೇಳಿದರು. ಅಕ್ಕ ಸೆರಗಿನ ಗಂಟು ಬಿಚ್ಚಿ ಬಾಟಲಿ ಕೊಟ್ಟಳು.

"ಇದನ್ನ ಎಷ್ಟು ದಿನದಿಂದ ಹಾಕೀರಿ?"

"ನಾಲ್ಕ ವರ್ಷ ಆತ್ರಿ. ನನ್ನ ತಮ್ಮ ತಪ್ಪಸಲಾರ್ದ ತಂದುಕೊಡ್ತಾನ್ರಿ" ಎಂದಳು ಅಕ್ಕ. ಹೆಮ್ಮೆಯಿಂದ ಹೇಳಿದಳು.

ಅದು ಹತ್ತು ದಿನ ಹಾಕಿ ಬಿಡಬೇಕಾದ ಔಷಧಿ. ಕೆಂಪು ಬೇಗ ಇಳಿಸುತ್ತದೆ, ಆದರೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣೊಳಗಿನ ಒತ್ತಡ ಏರಿ ನರವನ್ನು ತಿನ್ನುತ್ತದೆ. ನೋವಿರುವುದಿಲ್ಲ. ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತದೆ, ಆದ್ದರಿಂದ ರೋಗಿಗೆ ಬೇಗ ತಿಳಿಯುವುದೂ ಇಲ್ಲ. ಡಾಕ್ಟರು ಇದನ್ನೆಲ್ಲ ಸಮಾಧಾನವಾಗಿ ವಿವರಿಸಿದರು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ನೋಡೋಣ ಎಂದರು. ಒಂದೆರಡು ವರ್ಷ ಮೊದಲು ಬಂದಿದ್ದರೆ ಬಹಳಷ್ಟು ಉಳಿಯುತ್ತಿತ್ತು ಎಂದೂ ಹೇಳಿದರು. ನಾನು ತಲೆ ಅಲ್ಲಾಡಿಸುತ್ತ ನಿಂತಿದ್ದೆ. ಬಾಟಲಿಯ ಮೇಲಿನ ಅಕ್ಷರಗಳನ್ನು ಅಂದೇ ಮೊದಲ ಸಲ ಓದಿದೆ. ಡಾಕ್ಟರರ ಚೀಟಿ ಇಲ್ಲದೆ ಮಾರಬಾರದು ಎಂದು ಅದರ ಮೇಲೆಯೇ ಇತ್ತು.

ಮರುದಿನ ಮೆಡಿಕಲ್ ಅಂಗಡಿಯವರ ಕೊರಳಪಟ್ಟಿ ಹಿಡಿಯಬೇಕೆಂದೇ ಹೋದೆ. ಅವರು ಎಂದಿನಂತೆ ನಗುತ್ತ "ಬಾಟ್ಲಿ ತಂದಿಯೇನು?" ಎಂದು ಕೈ ಚಾಚಿದರು. ನಾನು ಕೈ ಹಿಂದಕ್ಕೆಳೆದುಕೊಂಡೆ. ಯಾರಾದರೂ ಸುಟ್ಟ ಭಾಗವೊಂದನ್ನು ತಂದು ನನ್ನ ಮುಂದಿಟ್ಟರೆ ಅದು ಯಾಕೆ ಸುಟ್ಟಿತೆಂದು ನಾನು ಕೇಳಿದ್ದೇನೆಯೇ? ಅಂಥದ್ದನ್ನೇ ಹುಡುಕಿ ಕೊಟ್ಟು ಕಳಿಸಿದ್ದೇನೆ. ನಡೆದದ್ದನ್ನು ಹೇಳಿದೆ. ಅವರು ಕುರ್ಚಿಯ ಮೇಲೆ ಕೂತವರು ಗಿರಾಕಿ ಬಂದರೂ ಏಳಲಿಲ್ಲ. ನಾನು ಬೈಯದೆ ಬಂದೆ.

ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಬೇಕಿತ್ತು. ಚಿಕ್ಕಂದಿನಲ್ಲಿ ಸಾಲೆ ತಪ್ಪಿಸಿದಾಗ ಪುಂಡಿಕಟ್ಟಿಗೆಯಿಂದ ಬಾರಿಸುತ್ತಿದ್ದಳಲ್ಲ, ಹಾಗೆ ಬಾರಿಸಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ಗಿರಣಿಯ ಕೆಲಸ ಬಿಟ್ಟಳು. ಹೊಸ ಡ್ರಾಪ್ಸ್ ದಿನಕ್ಕೆ ಎರಡು ಹೊತ್ತು ಹಾಕಿಕೊಳ್ಳುತ್ತಾಳೆ. ಗಿರಣಿಯ ಹೆಂಗಸರು ನೋಡಲು ಬಂದರೆ, ಧೂಳಿನಿಂದ ಹೀಗಾಯಿತು ಎಂದು ಹೇಳುತ್ತಾಳೆ. ಬಾಟಲಿಯ ವಿಷಯ ಎತ್ತುವುದಿಲ್ಲ, ನಾನು ಎತ್ತಲು ಹೋದರೂ ಬಿಡುವುದಿಲ್ಲ.

ಊರಿನಲ್ಲಿ ಒಮ್ಮೆ ನಡೆದ ಕಣ್ಣಿನ ಕ್ಯಾಂಪಿನ ವಿಷಯ ನನಗೆ ತಿಳಿದದ್ದು ಮಾಮಾರಿಂದ. ಅವರಿಗೆ ಮುಚ್ಚಿಡುವುದು ಗೊತ್ತಿಲ್ಲ. ಒಂದು ದಿನ ಬೆಳಿಗ್ಗೆ ನಾವಿಬ್ಬರೂ ಕಾಲುವೆಯ ದಂಡೆಯ ಮೇಲೆ ಕೂತಿದ್ದೆವು. ಉಪ ಕಾಲುವೆಗೆ ಆಗತಾನೇ ನೀರು ಬಿಟ್ಟಿದ್ದರು. ಮಾತಿಗೆ ಮಾತು ಬಂದು ಹೇಳಿದರು.

"ನಮ್ಮ ಊರ ಸಾಲಿಯೊಳಗ ಒಮ್ಮೆ ಕಣ್ಣಿನ ಕ್ಯಾಂಪ್ ಹಾಕಿದ್ರು. ಎರಡ ವರ್ಷ ಆಗಿರಬೇಕು. ನಾನ ಕರ್ಕೊಂಡ ಹೋಗಿದ್ದೆ. ಪಾಳಿಯೊಳಗ ನಿಂತಿದ್ವಿ, ಮುಂದ ಹತ್ತ ಮಂದಿ ಇದ್ರು ಅಷ್ಟ. ನಿಮ್ಮಕ್ಕ ನಡುವ ಪಾಳಿ ಬಿಟ್ಟ ಬಂದ್ಲು."

"ಯಾಕ್ರಿ ಮಾಮಾ?"

ಅವರು ನೀರಿನ ಕಡೆಗೇ ನೋಡುತ್ತಿದ್ದರು. "ನೀ ಅದರ ಹಿಂದಿನ ವಾರ ಬಂದು ಟಿವಿ ಬಿಚ್ಚಿದ್ದಿ ನೋಡು. ಅಕಿ ಅಂದ್ಲು, ನನ್ನ ಕಣ್ಣಿಗೆ ಏನೂ ಆಗಿಲ್ರಿ, ಟಿವಿಯೊಳಗ ಲೂಸ್ ಕಾಂಟ್ಯಾಕ್ಟ್ ಐತಂತ ನನ್ನ ತಮ್ಮ ಹೇಳ್ಯಾನ, ಅವನಿಗೆ ತಿಳಿಯೂದಿಲ್ಲೇನು, ಸುಮ್ನ ಯಾಕ ಡಾಕ್ಟರ್ ಮಂದಿಗೆ ತ್ರಾಸ ಕೊಡೂದು ಅಂದ್ಲು. ನಾನೂ ಹೌದು ಅಂದೆ. ಬಂದ್ವಿ."

ಮಾಮಾ ನನ್ನ ಬೆನ್ನ ಮೇಲೆ ಕೈ ಇಟ್ಟರು. ಆ ಕೈಯನ್ನು ತಡೆದುಕೊಳ್ಳುವುದು ಬಹಳ ಕಷ್ಟವಾಯಿತು. ಹತ್ತು ಮಂದಿ ಅಷ್ಟೇ ಇದ್ದರಂತೆ ಮುಂದೆ. ನಾನು ಏನೂ ಸಿಗಲಿಲ್ಲ ಅಕ್ಕಾ ಎಂದಿದ್ದರೆ ಅವಳು ಆ ಪಾಳಿಯಲ್ಲಿ ನಿಲ್ಲುತ್ತಿದ್ದಳು. ಇಷ್ಟು ಸಣ್ಣ ಮಾತು ನನ್ನ ಬಾಯಿಂದ ಬರಲಿಲ್ಲ.

ಅಂಗಡಿ ಈಗಲೂ ನಡೆಯುತ್ತಿದೆ. ಚಿತ್ರ ಸರಿಯಾಗಿ ಕಾಣುತ್ತಿಲ್ಲ ಎಂದು ಯಾರಾದರೂ ಬಂದರೆ, ಯಾರಿಗೆ ಕಾಣುತ್ತಿಲ್ಲ, ಮನೆಯಲ್ಲಿ ಬೇರೆಯವರಿಗೆ ಕಾಣುತ್ತದೆಯೇ ಎಂದು ಮೊದಲು ಕೇಳುತ್ತೇನೆ. ಕೆಲವರು ಸಿಡುಕುತ್ತಾರೆ, ರಿಪೇರಿ ಮಾಡುವುದು ಬಿಟ್ಟು ವಕೀಲನಂತೆ ಪ್ರಶ್ನೆ ಹಾಕುತ್ತಾನೆ ಎನ್ನುತ್ತಾರೆ. ದೋಷ ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳಿ ಕಳಿಸುತ್ತೇನೆ. ಇದರಿಂದ ನನಗೆ ಯಾವ ಸಮಾಧಾನವೂ ಆಗಿಲ್ಲ.

ಭಾನುವಾರ ತಪ್ಪದೆ ಸಿದ್ದಾಪುರಕ್ಕೆ ಹೋಗುತ್ತೇನೆ. ಕಳೆದ ವಾರ ಹೋದಾಗ ಅಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ, ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ. ಅವಳು ನನ್ನ ಕಡೆ ತಿರುಗಿ ಮುಖವನ್ನು ನಿಧಾನಕ್ಕೆ ಮೇಲೆ ಕೆಳಗೆ, ಆ ಕಡೆ ಈ ಕಡೆ ಆಡಿಸತೊಡಗಿದಳು.

"ಏನ್ ಮಾಡಾಕತ್ತಿ ಅಕ್ಕಾ?"

"ನಿನ್ನ ಮುಖ ನೋಡಾಕತ್ತೀನಿ. ಕಣ್ಣ ಕಂಡ್ರ ಬಾಯಿ ಕಾಣೂದಿಲ್ಲ, ಬಾಯಿ ಕಂಡ್ರ ಕಣ್ಣ ಕಾಣೂದಿಲ್ಲ. ಭಾಳ ಹತ್ತಿರ ಕುಂತೀದಿ. ಎದ್ದು ಒಂಚೂರು ಹಿಂದ ಸರಿ."

ಎದ್ದು ಹಿಂದಕ್ಕೆ ಸರಿದೆ.

"ಇನ್ನೊಂಚೂರು."

ರಸ್ತೆಯ ಅಂಚಿನ ನೀರಿನ ನಳದ ತನಕ ಹೋದೆ. ಸಾಲಲಿಲ್ಲ. ರಸ್ತೆ ದಾಟಿ ಎದುರು ಮನೆಯ ಗೋಡೆಗೆ ಬೆನ್ನು ತಾಗುವ ತನಕ ಹೋದೆ. ಅಲ್ಲಿ ಕೈಯೆತ್ತಿ, "ಹಾಂ, ಅಲ್ಲೇ ನಿಂದ್ರು" ಎಂದಳು. ನಡುವೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಒಂದು ಹೋಯಿತು. ಅದು ದಾಟುವ ತನಕ ಕಾದಳು, ಆಮೇಲೆ ಮತ್ತೆ ನನ್ನನ್ನು ಹುಡುಕಿಕೊಂಡಳು.

"ಈಗ ಪೂರಾ ಕಾಣ್ತಿ ನೋಡು" ಎಂದಳು.

ಅಷ್ಟು ದೂರದಲ್ಲಿ, ಗೋಡೆಗೆ ಒರಗಿ, ಬಿಸಿಲಿನಲ್ಲಿ ನಿಂತಿದ್ದೆ. ನಾನು ಅಳುತ್ತಿದ್ದದ್ದು ಅವಳಿಗೆ ಕಂಡಿತೋ ಇಲ್ಲವೋ ತಿಳಿಯಲಿಲ್ಲ. ಅಕ್ಕ ತಲೆಯಿಂದ ಕಾಲಿನ ತನಕ ನನ್ನನ್ನು ನೋಡಿದಳು, ಅವಸರವಿಲ್ಲದೆ ನೋಡಿದಳು.

"ಭಾಳ ಸೊರಗಿದಿ ತಮ್ಮಾ" ಎಂದಳು.